ಅಧ್ಯಕ್ಷರ ವಾಡೆಯ ಎರಡು ಗುಟುಕು ನೀರು

"ತಲಿ ಬಗ್ಗಿಸಿ ಬರ್ರಿ... ಬಾಗಲಾ ಗಿಡ್ಡ ಐತಿ!"

ಒಳಗಿನಿಂದ ಬಂದ ಆ ದನಿಗೆ ತೃಪ್ತಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಹಿಂದೆ ಸಾಲಾಗಿ ಬರುತ್ತಿದ್ದ ಮಕ್ಕಳು ಒಬ್ಬರ ಬೆನ್ನಿಗೊಬ್ಬರು ಬಡಿದುಕೊಂಡರು. "ಯಾಕ್ರಿ ಮೇಡಂ, ನಿಂತ್ರಿ?" ಎಂದು ಯಾರೋ ಕೇಳಿದರು. ಅವಳಿಗೆ ಕೇಳಿಸಲಿಲ್ಲ.

ಅವಳ ತಲೆ ಮಾತ್ರ ಆಗಲೇ ಬಾಗಿತ್ತು. ಆ ಬಾಗಿಲಿಗೆ ಎಷ್ಟು ಬಾಗಬೇಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮದುವೆಯಾಗಿ ಬಂದ ದಿನ ಇದೇ ಚೌಕಟ್ಟಿಗೆ ಹಣೆ ಬಡಿದುಕೊಂಡು, ಬಾಸಿಂಗ ಓರೆಯಾಗಿ, ಇಡೀ ಮನೆಯೇ ನಕ್ಕಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವನೇ ಈಗ ಒಳಗಿನಿಂದ ಕೂಗಿದವನು...

ನಿಖಿಲ!

ಅವನೂ ಅವಳನ್ನು ನೋಡಿದ. ಕೈಯಲ್ಲಿದ್ದ ಬೀಗದ ಕೈಗಳ ಗೊಂಚಲು ಒಮ್ಮೆ ಝಣ್ ಎಂದು ಸುಮ್ಮನಾಯಿತು. ಗಡ್ಡ ಬಿಟ್ಟಿದ್ದ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಕಣ್ಣುಗಳು ನಿದ್ದೆ ಕಾಣದವನ ಕಣ್ಣುಗಳಂತೆ ಒಳಗೆ ಇಳಿದಿದ್ದವು.

"ಬರ್ರಿ... ಮೇಡಂ," ಎಂದ.

ಮೇಡಂ! ಇದೇ ಪಡಸಾಲೆಯಲ್ಲಿ 'ತೃಪ್ತಾ...' ಎಂದು ಹೆಸರು ಎಳೆದೆಳೆದು ಕೂಗಿ, "ಮನಿ ತುಂಬ ಮಂದಿ ಅದಾರ, ನಾಚಿಕಿ ಇಲ್ಲೇನೊ ನಿನಗ?" ಎಂದು ತಾಯಿಯಿಂದ ಬೈಸಿಕೊಳ್ಳುತ್ತಿದ್ದವನು ಇವನೇ ಏನು?

ತೃಪ್ತಿ ಒಳಗೆ ಬಂದಳು.

ಚಿಕ್ಕೋಡಿಯಲ್ಲಿ ಈ ಮನೆಗೆ ಅಧ್ಯಕ್ಷರ ವಾಡೆ ಎಂದೇ ಹೆಸರು. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ತಾಲೂಕು ಬೋರ್ಡಿನ ಅಧ್ಯಕ್ಷರಾಗಿದ್ದ ಭಾವುಸಾಹೇಬರು ಇಲ್ಲಿಯೇ ವಾಸವಾಗಿದ್ದರು; ಇಲ್ಲಿಯೇ ಕುಳಿತು ನ್ಯಾಯ ಹೇಳುತ್ತಿದ್ದರು. ಅವರ ಮೊಮ್ಮಗ ನಿಖಿಲ. ಭಾವುಸಾಹೇಬರ ಕಿರಿಯ ಮಗ, ನಿಖಿಲನ ಕಾಕಾ ಬಾಪುಸಾಹೇಬರು ಒಂದು ಟ್ರಸ್ಟು ಮಾಡಿ, ಹೋದ ವರ್ಷ ವಾಡೆಯನ್ನು ಇತಿಹಾಸದ ವಸ್ತುಸಂಗ್ರಹಾಲಯವಾಗಿ ಊರಿಗೆ ತೆರೆದಿದ್ದರು. ನಿಖಿಲ ಊರ ಹೊರಗೆ ಹೊಲದ ಮನೆಯಲ್ಲಿದ್ದುಕೊಂಡು, ಶಾಲೆಯ ಮಕ್ಕಳು ಬಂದಾಗ ಬೀಗ ತೆಗೆದು ತೋರಿಸುತ್ತಿದ್ದ.

ತೃಪ್ತಿ ಈ ಮನೆಯ ಸೊಸೆ. ಅತ್ತೆ ಕಮಲಾಬಾಯಿ ತೀರಿಕೊಂಡ ಕೆಲವೇ ತಿಂಗಳಿಗೆ ಗಂಡ ನಿಖಿಲನನ್ನು ಬಿಟ್ಟು ತವರೂರಿಗೆ, ಅಥಣಿ ಕಡೆಯ ಅನಂತಪುರಕ್ಕೆ ಹೋದವಳು. ಅಲ್ಲಿಯ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಳು. ಯಾಕೆ ಬಂದೆ ಎಂದು ತವರಿನವರು ಕೇಳಿ ಕೇಳಿ ಸೋತಿದ್ದರು. ಅವಳು ಬಾಯಿ ಬಿಟ್ಟಿರಲಿಲ್ಲ.

ಈ ಸಲದ ಪ್ರವಾಸಕ್ಕೆ ಹೆಡ್‌ಮಾಸ್ತರರು ಅಧ್ಯಕ್ಷರ ವಾಡೆಯನ್ನೇ ಆರಿಸಿದಾಗ ಜ್ವರವೆಂದು ಮಲಗಬಹುದಿತ್ತು. ಮಲಗಲಿಲ್ಲ. ಆ ಒಳಕೋಣೆಯನ್ನು ಒಮ್ಮೆ ನೋಡಬೇಕು... ಒಂದೇ ಸಲ... ಎಂದು ಮನಸ್ಸು ಹಟ ಹಿಡಿದಿತ್ತು. ಕುಡಚಿಯ ಹತ್ತಿರ ಬಸ್ಸು ಕೃಷ್ಣೆಯನ್ನು ದಾಟುವಾಗ ಮಕ್ಕಳೆಲ್ಲ ಹೊಳೆಗೆ ಕೈ ಮುಗಿದರು. ಅವಳೂ ಕೈ ಮುಗಿದು, 'ಜಿನೇಶ್ವರಾ, ಅವರು ಅಲ್ಲಿ ಇರದಿರಲಿ' ಎಂದು ಬೇಡಿಕೊಂಡಳು. ಮರುಕ್ಷಣವೇ, 'ಇರಲಿ' ಎಂದೂ ಬೇಡಿಕೊಂಡಳು.

"ಏನವಾ ತೃಪ್ತಿ, ಗ್ವಾಡಿ ಹಿಡಕೊಂಡ ನಡ್ಯಾಕತ್ತಿ? ಬಸ್ಸಿನ ಚಕ್ಕರ ಇನ್ನೂ ಇಳದಿಲ್ಲೇನ?"

ಕೇಳಿದವಳು ಜೊತೆಗೆ ಬಂದಿದ್ದ ಗಣಿತದ ಶಿಕ್ಷಕಿ ಶುಭಾಂಗಿ. ಇದೇ ಚಿಕ್ಕೋಡಿಯ ಬೌದ್ಧ ಮನೆತನದ ಹೆಣ್ಣುಮಗಳು. ತೃಪ್ತಿ ಗಂಡನ ಮನೆ ಬಿಟ್ಟವಳೆಂದು ಅವಳಿಗೆ ಗೊತ್ತಿತ್ತು. ಆ ಮನೆ ಇದೇ ಎಂದು ಗೊತ್ತಿರಲಿಲ್ಲ.

"ಏನಿಲ್ಲ," ಎಂದಳು ತೃಪ್ತಿ.

"ನನಗರ ಭಾರಿ ಖುಷಿ ಆಗೇತಿ ನೋಡ. ನಮ್ಮ ತುಳಸವ್ವ ಅಜ್ಜಿ ಹೇಳ್ತಿದ್ಳು, ಈ ವಾಡೇದ ಗೇಟಿನ ಹೊರಗ ಕೊಡಾ ಇಟಗೊಂಡ ನಿಂದ್ರತಿದ್ರಂತ. ಒಳಗಿನವರು ಮ್ಯಾಲಿಂದ ಸುರುವಿದ್ರ ನೀರು, ಇಲ್ಲಂದ್ರ ಇಲ್ಲ. ಇವತ್ತ ಅಕಿ ಮೊಮ್ಮಗಳು ಟಿಕೀಟ ತೊಗೊಂಡ ನಟ್ಟನಡು ಪಡಸಾಲ್ಯಾಗ ನಿಂತಾಳ! ಅಧ್ಯಕ್ಷರಿಗೆ ಜೈ ಭೀಮ್ ಹೇಳಿ ಬರ್ತೀನಿ ತಡಿ."

ಶುಭಾಂಗಿ ಗೋಡೆಯ ಮೇಲಿದ್ದ ಭಾವುಸಾಹೇಬರ ದೊಡ್ಡ ಭಾವಚಿತ್ರದ ಮುಂದೆ ನಿಂತು ನಿಜವಾಗಿಯೂ ಕೈ ಎತ್ತಿದಳು. ಮಕ್ಕಳು ನಕ್ಕರು. ತೃಪ್ತಿಗೆ ನಗಲಾಗಲಿಲ್ಲ. ಹನಿ ನೀರಿಗೆ ಈ ಮನೆಯಲ್ಲಿ ಎಷ್ಟು ಕಟ್ಟಳೆ... ಎಂದು ಎದೆ ಚುಳ್ಳೆಂದಿತು.

ನಿಖಿಲ ಮುಂದೆ ನಡೆದ. ಇದು ಅಧ್ಯಕ್ಷರ ಕುರ್ಚಿ, ಇದು ಅವರ ಕೈಕೋಲು, ಇವು ಅಥಣಿಯ ಚರ್ಮದ ಚಪ್ಪಲಿ, ಇದು ನಿಪ್ಪಾಣಿಯ ಪೇಟೆಯಲ್ಲಿ ತಂಬಾಕು ತೂಗುತ್ತಿದ್ದ ತಕ್ಕಡಿ... ಹೇಳುತ್ತಲೇ ಹೋದ. ಪಾಠ ಒಪ್ಪಿಸುವ ಹುಡುಗನ ದನಿಯಂತೆ ಏರಿಳಿತವಿರಲಿಲ್ಲ. ಒಮ್ಮೆಯೂ ಅವಳ ಕಡೆ ತಿರುಗಲಿಲ್ಲ.

ಅವಳು ಮಾತ್ರ ಅವನ ಕೈಯನ್ನೇ ನೋಡುತ್ತಿದ್ದಳು. ಅಂಗಿಯ ಗುಂಡಿಯೊಂದು ಕಿತ್ತುಹೋಗಿ ಅಲ್ಲಿ ಪಿನ್ನು ಚುಚ್ಚಿಕೊಂಡಿದ್ದ. 'ಗುಂಡಿ ಹಚ್ಚಿಕೊಡುವವರೂ ಇಲ್ಲವೇ ಇವರಿಗೆ?' ಎಂದುಕೊಂಡಳು. ಮರುಗಳಿಗೆಯೇ ತನ್ನ ಮೇಲೆ ತನಗೇ ಸಿಟ್ಟು ಬಂತು. ಗುಂಡಿ ಹಚ್ಚಬೇಕಾದವಳು ನೀನೇ ಅಲ್ಲವೇ?

ಕೊನೆಗೆ ಒಳಕೋಣೆ ಬಂತು.

ಬಾಗಿಲಿಗೆ ಅಡ್ಡವಾಗಿ ಕೆಂಪು ಹಗ್ಗ ಕಟ್ಟಿದ್ದರು. ಆಚೆಗೆ ಮರದ ಮಂಚ. ಮಡಿಸಿಟ್ಟ ಬಿಳಿ ಸೀರೆ. ಜಪಮಣಿ. ಗೂಡಿನಲ್ಲಿ ಹಿತ್ತಾಳೆಯ ತಂಬಿಗೆ, ಅದರ ಬಾಯಿಗೆ ನೀರು ಸೋಸುವ ದಪ್ಪ ಬಿಳಿ ಅರಿವೆ. ತಂಬಿಗೆಯ ಪಕ್ಕದಲ್ಲಿ ಒಂದು ಸಣ್ಣ ಚಮಚ.

ತೃಪ್ತಿಯ ಕಣ್ಣು ಆ ಚಮಚದ ಮೇಲೆ ನಿಂತಿತು.

ಗೋಡೆಯ ಮೇಲೆ ಹಿತ್ತಾಳೆಯ ಫಲಕವಿತ್ತು. ನಿಖಿಲ ಅದರ ಕಡೆ ನೋಡದೆಯೇ ಓದಿದ. ಬಾಯಿಪಾಠವಾಗಿತ್ತು.

"ಇದು ಅಧ್ಯಕ್ಷರ ಹಿರಿಯ ಸೊಸೆ ಕಮಲಾಬಾಯಿಯವರ ಕೋಣೆ. ಚಿಕ್ಕಂದಿನಲ್ಲಿ ಮುನಿಗಳ ಎದುರು ತೊಟ್ಟ ನೇಮದಂತೆ ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಮುಟ್ಟದೆ ಬಾಳಿದರು. ಘೋರ ವ್ಯಾಧಿಯಲ್ಲಿಯೂ, ಕೊನೆಯುಸಿರಿನವರೆಗೂ, ಅವರ ನೇಮ ಮುರಿಯಲಿಲ್ಲ."

ಮುಂದಿನ ಸಾಲಿನಲ್ಲಿದ್ದ ಸಪನಾ ಎಂಬ ಹುಡುಗಿ ಕೈ ಎತ್ತಿದಳು.

"ಸರ್, ಆ ಅಜ್ಜಿಗೆ ನೀರಡಿಕಿ ಆಗಿರ್ಲಿಲ್ಲೇನ್ರಿ?"

ನಿಖಿಲ ಬೀಗದ ಕೈಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

ಅಷ್ಟರಲ್ಲಿ ಹಿಂದಿನಿಂದ ಕೋಲಿನ ಸಪ್ಪಳ ಕೇಳಿಸಿತು.

"ನೀರಡಿಕಿ ಆಗದ ಇರ್ತೈತೇನವಾ ಮಗಾ? ಆಗಿದ್ರೂ ಕೇಳಲಿಲ್ಲ ನೋಡ... ಅದಕ್ಕ ಅಂತಾರ ನೇಮ!"

ಬಿಳಿ ಟೊಪ್ಪಿಗೆ, ಮಡಿ ಮುರಿಯದ ಧೋತರ. ಬಾಪುಸಾಹೇಬರು. ವಯಸ್ಸು ಎಂಬತ್ತರ ಹತ್ತಿರವಾದರೂ ದನಿ ತಂದೆಯ ಕುರ್ಚಿಯಿಂದ ಬಂದಂತೆಯೇ ಇತ್ತು. ಮಕ್ಕಳನ್ನು ನೋಡುತ್ತ ಬಂದ ಅವರ ಕಣ್ಣು ತೃಪ್ತಿಯ ಮೇಲೆ ನಿಂತಿತು.

"ಯಾರಿದು... ತೃಪ್ತಿ?"

"ಹೌದ್ರಿ ಕಾಕಾ. ಜೈ ಜಿನೇಂದ್ರ."

"ಜೈ ಜಿನೇಂದ್ರ! ಅಂತೂ ವಾಡೇದ ನೆನಪಾತು ನಿನಗ. ನಿಂದು, ಇವಂದು ಏನೈತೋ ನೀವ ನೋಡಕೋರಿ, ನಾ ಕೇಳಾವಲ್ಲ. ಆದ್ರ ಇವತ್ತ ದೇವ್ರ ಕಳಿಸಿದಂಗ ಬಂದಿ." ಮುದುಕರು ಮಕ್ಕಳ ಕಡೆ ತಿರುಗಿದರು. "ನಿಮ್ಮ ಮೇಡಂ ಯಾರಂತ ಗೊತ್ತೇನ್ರೋ? ಈ ಮನಿ ಸೊಸಿ! ನಮ್ಮ ಕಮಲಾ ವೈನಿ ಪ್ರಾಣ ಬಿಡೂ ಹೊತ್ತಿನ್ಯಾಗ ಬಾಜೂಕ ಕುಂತಿದ್ದಾಕಿ ಇಕಿ ಒಬ್ಬಾಕಿನ. ಕಂಡಾಕಿ ಬಾಯಿಲೆ ಕೇಳ್ರಿ. ಹೇಳವಾ, ಮಕ್ಕಳಿಗೆ ನೀನ ಹೇಳು!"

ಶುಭಾಂಗಿ ಬೆರಗಾಗಿ ಗೆಳತಿಯ ಮುಖ ನೋಡಿದಳು.

ತೃಪ್ತಿಯ ಕಣ್ಣ ಮುಂದೆ ಆ ಸಂಜೆ ಬಂದು ನಿಂತಿತು.

ಬಸದಿಯ ಆರತಿಗೆ ಮನೆಯವರೆಲ್ಲ ಹೋಗಿದ್ದರು. ನಿಖಿಲ ನೋವಿನ ಗುಳಿಗೆ ತರಲು ಪೇಟೆಗೆ ಹೋಗಿದ್ದ. ಹೊತ್ತು ಮುಳುಗಿ ದೀಪ ಹಚ್ಚಿದ್ದಾಗಿತ್ತು. ಹೊಟ್ಟೆಯ ಹುಣ್ಣು ಕಮಲಾಬಾಯಿಯವರ ಮೈಯಲ್ಲಿ ಎಲುಬು ಬಿಟ್ಟು ಏನನ್ನೂ ಉಳಿಸಿರಲಿಲ್ಲ. ಒಣಗಿದ ತುಟಿ ಅಲುಗಿತು.

"ತೃಪ್ತಿ... ನೀರು."

"ಅತ್ತಿ, ಹೊತ್ತ ಮುಳಗೇತ್ರಿ. ಮುಂಜಾನೆ ಕೊಡ್ತೀನಿ."

ಮುದುಕಿ ದೀಪವನ್ನು ನೋಡಿದರು. ಸೊಸೆಯನ್ನು ನೋಡಿದರು. ದೀಪ ಯಾಕೆ ಹಚ್ಚಿದ್ದಾರೆಂದು ಅವರಿಗೆ ತಿಳಿದಿತ್ತು. ತಿಳಿದೂ ಕೇಳಿದರು...

"ಒಂದ ಗುಟುಕ, ನನ್ನವ್ವ."

ಮನೆ ತುಂಬ ಆಳಿದ ಹೆಂಗಸು! ಸೊಸೆಯನ್ನು ಅವ್ವಾ ಎಂದು ಬೇಡಿದ್ದರು!

ಆ ಒಂದು ಮಾತಿಗೆ ಯಾವ ಶಾಸ್ತ್ರವೂ ಅವಳಿಗೆ ನೆನಪಾಗಲಿಲ್ಲ. ಅರಿವೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಿದಳು. ಚಮಚದಿಂದ ಕುಡಿಸಿದಳು. ಕಿವಿಯಲ್ಲಿ ಣಮೋಕಾರ ಹೇಳಿದಳು. ಮಂತ್ರ ಮುಗಿಯುವ ಮೊದಲೇ ಅವಳ ಕೈ ಹಿಡಿದಿದ್ದ ಕೈ ಸಡಿಲಾಯಿತು.

ಬಸದಿಯಿಂದ ಬಂದ ಬಾಪುಸಾಹೇಬರು ಎಲ್ಲರ ಎದುರು ಕೇಳಿದ್ದರು: "ಕಡೀಕ ಏನರ ಕೇಳಿದ್ರೇನವಾ?"

ಇಪ್ಪತ್ತು ಮೋರೆಗಳು ಅವಳ ಮೇಲೆ ಬಾಗಿದ್ದವು. ಬಾಗಿಲಲ್ಲಿ ಗುಳಿಗೆಯ ಪುಡಿಕೆ ಹಿಡಿದು ನಿಖಿಲ ಶಿಲೆಯಂತೆ ನಿಂತಿದ್ದ.

"ಏನೂ ಕೇಳಲಿಲ್ರಿ," ಎಂದಿದ್ದಳು.

ಅದೇ ಮಾತು ಊರೆಲ್ಲ ಹರಡಿತು. ರಾಯಬಾಗದಿಂದ, ಕಾಗವಾಡದಿಂದ ಜನ ಬಂದು ಅತ್ತೆಯ ಪಾದಗಳಿಗೆ ತಲೆ ಮುಟ್ಟಿಸಿದರು. ಅದೇ ಮಾತು ಈಗ ಹಿತ್ತಾಳೆಯಾಗಿ ಗೋಡೆಯ ಮೇಲೆ ಕುಳಿತಿತ್ತು...

"ಹೇಳವಾ," ಎಂದರು ಬಾಪುಸಾಹೇಬರು.

ತೃಪ್ತಿ ನಿಖಿಲನ ಕಡೆ ನೋಡಿದಳು. ಈಗ ಸುಮ್ಮನೆ ಹೌದೆಂದರೆ ಮುಗಿಯಿತು. ಬಸ್ಸು ಹತ್ತಿ ಹೋಗಬಹುದು. ಅವನ ಮನಸ್ಸಿನಲ್ಲಿ ತಾಯಿಯ ನೇಮ ಹಾಗೆಯೇ ಉಳಿಯುತ್ತದೆ. ನಿಜ ಹೇಳಿದರೆ? ತಾಯಿಯ ವ್ರತ ಕೆಡಿಸಿದವಳನ್ನು ಅವನು ಇನ್ನೆಂದೂ ಹತ್ತಿರ ಕರೆಯುವುದಿಲ್ಲ. ಉಳಿದಿದ್ದ ಒಂದೇ ಒಂದು ಎಳೆಯೂ ಇಂದಿಗೆ ಹರಿಯುತ್ತದೆ.

ಆದರೆ ಸಪನಾ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ನಾಳೆ ಈ ಹುಡುಗಿಗೆ ಯಾವ ಬಾಯಿಯಿಂದ ಇತಿಹಾಸ ಕಲಿಸಲಿ?

"ಸಪನಾ," ಎಂದಳು. ದನಿ ಅವಳಿಗೇ ಗುರುತು ಸಿಗಲಿಲ್ಲ. "ಅಜ್ಜಿಗೆ ನೀರಡಿಕಿ ಆಗಿತ್ತು. ಭಾಳ ಆಗಿತ್ತು. ನೀರು ಕೇಳಿದ್ರು."

"ತೃಪ್ತಿ!" ಎಂದರು ಬಾಪುಸಾಹೇಬರು.

"ಹೊತ್ತ ಮುಳಗೇತ್ರಿ ಅಂದೆ. ಮತ್ತ ಕೇಳಿದ್ರು. ಆಗ ನಾ ಕೊಟ್ಟೆ. ಆ ತಂಬಿಗ್ಯಾಗಿನ ನೀರು, ಅದ ಚಮಚಾದಿಂದ. ಕುಡದ ಮ್ಯಾಲ ಹೋದ್ರು. ಯಾರೂ ಕಂಡಿಲ್ಲ. ಅಂದ ಕಾಕಾ ಕೇಳಿದಾಗ ನಾ ಸುಳ್ಳ ಹೇಳಿದೆ. ಗ್ವಾಡಿ ಮ್ಯಾಲ ಬರದಿದ್ದು... ನನ್ನ ಸುಳ್ಳು."

ಬೀಗದ ಕೈಗಳು ನೆಲಕ್ಕೆ ಬಿದ್ದವು.

ನಿಖಿಲ ಅವಳನ್ನು ಒಮ್ಮೆ ನೋಡಿದ. ಆ ನೋಟ ಎಂಥದೆಂದು ತಿಳಿಯುವ ಮೊದಲೇ ತಿರುಗಿ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟ.

ಮುಗಿಯಿತು... ಎಂದುಕೊಂಡಳು ತೃಪ್ತಿ.

"ಸುಳ್ಳ! ಮನಿ ಬಿಟ್ಟ ಹೋದಾಕಿ ಮನಿ ಮರ್ಯಾದಿನೂ ಕಳ್ಯಾಕ ಬಂದಾಳ!" ಬಾಪುಸಾಹೇಬರ ಕೋಲು ನೆಲಕ್ಕೆ ಬಡಿಯಿತು. "ನಮ್ಮ ವೈನಿ ಅಂಥಾಕಿ ಅಲ್ಲ!"

"ಸುಳ್ಳು ಆವತ್ತ ಹೇಳಿದೆ ಕಾಕಾ. ಇವತ್ತಲ್ಲ."

"ಏನ ಮಾಡಿದಿ ಗೊತ್ತೈತಿ? ಒಂದ ಜನ್ಮದ ನೇಮ! ಒಂದ ಜನ್ಮದ್ದು!"

"ಗೊತ್ತೈತ್ರಿ. ಆ ಪಾಪ ನನಗಿರಲಿ. ಕೇಳಿದವರಿಗೆ ಬ್ಯಾಡ."

ಮುದುಕರು ಕೋಲು ಊರಿ ಬೆಂಚಿನ ಮೇಲೆ ಕುಳಿತರು. ಅವರೂ ಆ ಮನೆಯಲ್ಲಿ ಅತ್ತಿಗೆಯ ಕೈಯ ಅನ್ನ ಉಂಡು ಬೆಳೆದವರೇ.

ಶುಭಾಂಗಿ ಮಕ್ಕಳ ಕಡೆ ತಿರುಗಿ, "ನಡೀರ್ಯೋ, ಎಲ್ಲಾರೂ ಹೊರಗ! ಚುರುಮುರಿ ತಿನ್ನೂ ಹೊತ್ತಾತು," ಎಂದು ಗದರಿಸಿ ಕರೆದೊಯ್ದಳು. ಹೋಗುವಾಗ ತೃಪ್ತಿಯ ಬೆನ್ನ ಮೇಲೆ ಒಮ್ಮೆ ಕೈ ಇಟ್ಟಳು. "ಹೋಗ, ಅವರನ್ನ ನೋಡ ಹೋಗ ಹುಚ್ಚಿ. ಇಲ್ಲೇ ನಿಂತ್ರ ಏನ ಬರೂದೈತಿ?" ಎಂದು ಮೆಲ್ಲಗೆ ಹೇಳಿದಳು.

ಹಿತ್ತಲಿನ ಬಾವಿಯ ಕಟ್ಟೆಯ ಮೇಲೆ ನಿಖಿಲ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಳಿತಿದ್ದ.

ತೃಪ್ತಿ ದೂರದಲ್ಲೇ ನಿಂತಳು. ಪಶ್ಚಿಮದ ಗೋಡೆಯ ಮೇಲೆ ಇಳಿಬಿಸಿಲು ಇತ್ತು.

"ಏನ ಅನ್ನಬೇಕಂತೀರಿ ಅಂದ ಬಿಡ್ರಿ. ಸುಮ್ನ ಕುಂದರಬ್ಯಾಡ್ರಿ... ನೀವು ಸುಮ್ನ ಕುಂತದ್ದನ್ನ ಒಮ್ಮೆ ನೋಡೀನಿ. ಇನ್ನೊಮ್ಮೆ ತಡಕೊಳ್ಳೂದ ಆಗೂದಿಲ್ಲ ನನಗ."

ಅವನು ಮುಖದಿಂದ ಕೈ ತೆಗೆದ. ಗಡ್ಡವೆಲ್ಲ ಒದ್ದೆಯಾಗಿತ್ತು.

"ಕುಡದ್ಳೇನು?"

"ಏನ್ರಿ?"

"ಅವ್ವ... ನೀರ ಕುಡದ್ಳೇನು? ಗಂಟಲದಾಗ ಇಳೀತೇನು?"

"ಇಳೀತ್ರಿ. ಎರಡ ಗುಟುಕ ಕುಡದ್ರು."

"ಖರೇ ಹೇಳ ತೃಪ್ತಾ. ನನ್ನ ಸಮಾಧಾನಕ್ಕ ಹೇಳಬ್ಯಾಡ."

ತೃಪ್ತಾ! ಎಷ್ಟು ಕಾಲದ ಮೇಲೆ ಆ ಹೆಸರು...

"ಖರೇನ ರೀ. ಎರಡನೇ ಗುಟುಕಿಗೆ ಕಣ್ಣ ತೆರದ್ರು. 'ತಣ್ಣಗಾತು' ಅಂದ್ರು. ಅಷ್ಟ ಕಡೀ ಮಾತು."

ನಿಖಿಲ ಅತ್ತ. ದೊಡ್ಡ ಗಂಡಸು, ಬಾವಿಕಟ್ಟೆಗೆ ತಲೆ ಆನಿಸಿ ಸಣ್ಣ ಮಗುವಿನಂತೆ ಅತ್ತ. ತೃಪ್ತಿಗೆ ಏನೂ ತಿಳಿಯದಾಯಿತು. ಅವನು ಬೈಯಲೆಂದು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದಳು. ಈ ಅಳುವಿಗೆ ಏನು ಮಾಡಬೇಕು?

"ಅದರ ಹಿಂದಿನ ದಿನಾ..." ಎಂದು ಅವನು ಶುರು ಮಾಡಿದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮತ್ತೆ ಹೇಳಿದ. "ಹಿಂದಿನ ದಿನಾ ಅದ ಹೊತ್ತಿನ್ಯಾಗ ಅವ್ವ ನನಗ ನೀರ ಕೇಳಿದ್ಳು. ನೀ ಅಡಗಿಮನ್ಯಾಗ ಇದ್ದಿ. ನಾ ಏನಂದೆ ಗೊತ್ತೈತಿ? 'ಇಷ್ಟ ವರ್ಷ ಕಾಯ್ದಿ ಅವ್ವಾ, ಒಂದ ರಾತ್ರಿ ತಡಿ' ಅಂದೆ. ಅಧ್ಯಕ್ಷರ ಮೊಮ್ಮಗ ನೋಡ ನಾನು! ಮರ್ಯಾದಿ ಕಾಯಾಂವ! ಅವ್ವ 'ಹೂಂ' ಅಂದ್ಳು. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಳು. ಮುಂಜಾನೆ ಹೊತ್ತ ಹೊಂಟಕೂಡ್ಲೇ ಕೊಟ್ಟೆ... ಒಳಗ ಇಳೀಲಿಲ್ಲ. ಎಲ್ಲಾ ಹೊರಗ ಬಂತು. ಅಂದ ಸಂಜಿಕ ಹೋಗಿಬಿಟ್ಳು."

ತೃಪ್ತಿ ಬಾಯಿಗೆ ಸೆರಗು ಒತ್ತಿಕೊಂಡಳು.

"ನನ್ನ ಅವ್ವ ನೀರಿಲ್ಲದ ಸತ್ಳು, ನಾನ ಸಾಯಿಸಿದೆ ಅಂತ... ಇಷ್ಟ ವರ್ಷ, ಒಂದೊಂದ ತಂಬಿಗಿ ನೀರ ಕುಡೀವಾಗೂ... ಕಾಕಾ ಫಲಕಾ ಹೊಡಿಸಿದ. ಅದನ್ನ ಓದಿ ಹೇಳೂದ ನನಗ ಶಿಕ್ಷಾ ಅಂತ ತಿಳಕೊಂಡೆ. ಬಂದ ಬಂದ ಮಕ್ಕಳಿಗೆ ಓದಿ ಹೇಳೀನಿ."

"ಹಂಗಾದ್ರ ನಾ ಮನಿ ಬಿಟ್ಟ ದಿನಾ..." ತೃಪ್ತಿ ಒಂದು ಹೆಜ್ಜೆ ಹತ್ತಿರ ಬಂದಳು. "ನಾ ಆ ತಂಬಿಗಿ ತೊಳ್ಯಾಕ ತೊಗೊಂಡಾಗ ಕಸಗೊಂಡ್ರಲಾ? 'ಅದನ್ನ ಮುಟ್ಟಬ್ಯಾಡ' ಅಂದ್ರಿ. ನಿಮಗ ಗೊತ್ತಾಗೇತಿ, ವ್ರತಾ ಕೆಡಿಸಿದ ಕೈ ಅಂತ ಹೇಸಿಗೊಂಡೀರಿ ಅಂತ ತಿಳದೆ. ಅದಕ್ಕ ಎದ್ದ ಹ್ವಾದೆ."

"ನನಗೇನ ಗೊತ್ತಿತ್ತು? ಆ ತಂಬಿಗಿ ಕಂಡ್ರ ಅವ್ವ ಕೇಳಿದ್ದ ಕೇಳಸ್ತಿತ್ತು ನನಗ. ಅದನ್ನ ನಿನ್ನ ಕೈಯಾಗ ನೋಡಿ, ಅವ್ವ ನಿನ್ನ ಮುಂದ ಹೇಳ್ಯಾಳ... 'ನನ್ನ ಮಗ ನೀರ ಕೊಡ್ಲಿಲ್ಲ' ಅಂದಾಳ ಅಂತ ತಿಳದೆ. ಇಂಥಾ ಮಗನ ಜೋಡಿ ಹ್ಯಾಂಗ ಬಾಳೂದಂತ ನೀ ಹೋದಿ ಅಂತ..."

ಅಯ್ಯೋ, ಎಂಥ ಕೇಡು! ಅವನಿಗೆ ಬೇಕಾಗಿದ್ದ ಒಂದೇ ಒಂದು ಮಾತು ಅವಳ ಬಾಯಲ್ಲಿತ್ತು. ಪಾಪವೆಂದು ಬಚ್ಚಿಟ್ಟುಕೊಂಡು, ಅದನ್ನು ಹೊತ್ತು ಊರು ಬಿಟ್ಟು ಹೋಗಿದ್ದಳು. ಇವನಾದರೂ ಒಮ್ಮೆ ಬಾಯಿ ಬಿಟ್ಟು ಅತ್ತಿದ್ದರೆ? ಸತ್ತವರ ನೇಮವನ್ನು ಕಾಯುತ್ತ ಕುಳಿತವರು ಬದುಕಿದವರ ಎದೆಯನ್ನು ಕಾಯದೆ ಹೋದರು. ಹೋದ ವರ್ಷಗಳನ್ನು ಈಗ ಯಾರು ತಂದುಕೊಡಬೇಕು?

"ಅತ್ತಿ ನಿಮ್ಮ ಬಗ್ಗೆ ಏನೂ ಹೇಳಲಿಲ್ರಿ," ಎಂದಳು ತೃಪ್ತಿ. "ಒಂದ ಮಾತೂ ಹೇಳಲಿಲ್ಲ. ನಿಮ್ಮ ಮ್ಯಾಲ ಸಿಟ್ಟ ಇದ್ದಿದ್ರ ಹೇಳ್ತಿದ್ರು. ಅವರ ಬಾಯಿ ಹೆಂಥಾದಂತ ನಿಮಗ ಗೊತ್ತಿಲ್ಲೇನು?"

ಅಳುವಿನ ನಡುವೆಯೇ ನಿಖಿಲನ ತುಟಿ ತುಸು ಓರೆಯಾಯಿತು. "ಹೌದ ಬಿಡ. ಇಡೀ ಓಣಿಗೆ ಕೇಳೂವಂಗ ಬೈತಿದ್ಳು."

ಅವನು ಎದ್ದು ಒಳಗೆ ಹೋದ. ಹಿಂದೆಯೇ ತೃಪ್ತಿಯೂ ಹೋದಳು. ಬಾಪುಸಾಹೇಬರು ಒಳಕೋಣೆಯ ಎದುರಿನ ಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು. ನಿಖಿಲ ಪೆಟ್ಟಿಗೆಯಿಂದ ತಿರುಪುಳಿ ತೆಗೆದು ಫಲಕದ ತಿರುಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

"ಏನ ಬರಸಾಂವ ಅದರ ಬದ್ಲಿ?" ಎಂದು ಮುದುಕರು ಕೇಳಿದರು. ದನಿ ಕುಸಿದಿತ್ತು.

"ಕಡೀಕ ನೀರ ಕೇಳಿದ್ಳು, ಸೊಸಿ ಕೊಟ್ಳು, ಕುಡದ್ಳು. ಅಷ್ಟ."

"ಮಂದಿ ಏನಂದಾರು?"

"ನೀರಡಿಸಿದ ಮಂದಿಗೆ ತಿಳೀತೈತ್ರಿ ಕಾಕಾ."

ಬಾಪುಸಾಹೇಬರು ಕೋಲು ಊರಿ ಎದ್ದರು. ತೃಪ್ತಿಯ ಎದುರು ಬಂದು ನಿಂತರು. ಏನೋ ಹೇಳುವರೆಂದು ಅವಳು ಕಾದಳು. ಅವರು ಹರಸಲೂ ಇಲ್ಲ, ಶಪಿಸಲೂ ಇಲ್ಲ. ಆ ಗಿಡ್ಡ ಬಾಗಿಲಿಗೆ ತಲೆ ಬಾಗಿಸಿ ಹೊರಗೆ ಹೋದರು. ಕೋಲಿನ ಸಪ್ಪಳ ಓಣಿಯ ತಿರುವಿನವರೆಗೂ ಕೇಳಿಸಿತು.

ಫಲಕ ಇದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಉಳಿದಿತ್ತು.

ನಿಖಿಲ ಕೆಂಪು ಹಗ್ಗವನ್ನು ದಾಟಿ ಗೂಡಿನಿಂದ ತಂಬಿಗೆಯನ್ನೂ ಅರಿವೆಯನ್ನೂ ತೆಗೆದುಕೊಂಡ. ಬಾವಿಗೆ ಹೋಗಿ ಕೊಡ ಇಳಿಸಿ ನೀರು ಸೇದಿದ. ಅರಿವೆಯ ಒಂದು ಅಂಚನ್ನು ತಾನು ಹಿಡಿದು, ಇನ್ನೊಂದನ್ನು ಅವಳ ಕಡೆ ಚಾಚಿದ.

"ಹಿಡಿ. ಒಬ್ಬಾವಗ ಸೋಸಾಕ ಬರೂದಿಲ್ಲ ಇದು. ಇಷ್ಟ ದಿನಾ ಅರ್ಧಾ ನೀರ ನೆಲಕ್ಕ ಹೊಂಟೈತಿ."

"ನನ್ನ ಕೈ..."

"ಅದ ಕೈ ಬೇಕು ನನಗ."

ಅವಳು ಹಿಡಿದಳು. ಬಿಗಿಯಾಗಿ ಹಿಡಿದ ಬಿಳಿ ಅರಿವೆಯ ನಡುವಿನಿಂದ ನೀರು ಸಣ್ಣಗೆ ತಂಬಿಗೆಗೆ ಇಳಿಯಿತು. ಗೋಡೆಯ ಮೇಲೆ ಬಿಸಿಲು ಇನ್ನೂ ಒಂದು ಗೇಣು ಉಳಿದಿತ್ತು. ಅತ್ತೆ ಹೋದ ದಿನದಿಂದ ಅವಳೂ ಹೊತ್ತು ಮುಳುಗಿದ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಅದು ಅವಳು ತನಗೆ ತಾನೇ ಹಾಕಿಕೊಂಡ ಶಿಕ್ಷೆ. ಯಾರಿಗೂ ಹೇಳಿರಲಿಲ್ಲ. ಅವನು ತಂಬಿಗೆ ಎತ್ತಿ ಅವಳ ಬೊಗಸೆಗೆ ನೀರು ಎರೆದ. ಅವಳು ಕುಡಿದಳು. ಆಮೇಲೆ ಅವಳು ಎರೆದಳು, ಅವನು ಕುಡಿದ. ಕುಡಿದು ಕಣ್ಣು ಮುಚ್ಚಿಕೊಂಡ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನೀರು ಗಂಟಲಲ್ಲಿ ನಿಲ್ಲದೆ ಇಳಿದಿತ್ತು.

ಕಟ್ಟಳೆಯಂತೆ ಅರಿವೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ನೀರಿನೊಂದಿಗೆ ಅದೇ ಬಾವಿಗೆ ಮೆಲ್ಲಗೆ ಇಳಿಸಿದರು.

ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಅದರ ಮೇಲೆ ಶುಭಾಂಗಿಯ ದನಿ. "ಏ ಅಧ್ಯಕ್ಷರ ಸೊಸಿ! ಬರ್ತೀಯೋ, ಇಲ್ಲೇ ಉಳೀತೀಯೋ? ಡ್ರೈವರ್ ಬೊಬ್ಬಿ ಹೊಡ್ಯಾಕತ್ತಾನ!"

"ಮಕ್ಕಳನ್ನ ಅವರವರ ಮನಿಗೆ ಮುಟ್ಟಸ್ಬೇಕ್ರಿ," ಎಂದಳು ತೃಪ್ತಿ.

"ಹೂಂ. ಹೋಗಿ ಬಾ." ಅವನು ತಂಬಿಗೆಯನ್ನು ಎದೆಗೆ ಹಿಡಿದುಕೊಂಡಿದ್ದ. "ನಾಳೆ ಅನಂತಪುರಕ್ಕ ಬರ್ತೀನಿ ತೃಪ್ತಾ. ಹಿಂದಕ ಒಮ್ಮೆ ಬಂದಿದ್ದೆ. ಕಟ್ಟಿ ಮ್ಯಾಲ ಸಂಜೀತನಕ ಕುಂತೆ. ನೀ ಹೊರಗ ಬರಲೇ ಇಲ್ಲ."

"ಕಿಡಕ್ಯಾಗಿಂದ ನೋಡಾಕತ್ತಿದ್ದೆ."

"ಈ ಸಲ?"

ತೃಪ್ತಿ ಅವನ ಅಂಗಿಯ ಪಿನ್ನನ್ನು ಬಿಚ್ಚಿ, ಸರಿಯಾಗಿ ಮತ್ತೆ ಚುಚ್ಚಿದಳು.

"ಈ ಸಲ ಬಾಗಲದಾಗ ನಿಂತಿರ್ತೀನಿ. ಸೂಜಿ ದಾರಾ ಹಿಡಕೊಂಡು," ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಕಣ್ಣು ತುಂಬಿತ್ತು. "ತಲಿ ಬಗ್ಗಿಸಿ ಬರ್ರಿ... ನಮ್ಮನಿ ಬಾಗಲಾನೂ ಗಿಡ್ಡ ಐತಿ."